ಕೀ ಯಾರ ಜೇಬಲ್ಲಿದೆ? ದೂರದಿಂದ ಕಿಡಿ ಹೊತ್ತಿಸುವ ವೈರಿಂಗ್

ದೀಪಾವಳಿ ಹತ್ತಿರ ಬಂತೆಂದರೆ ಜೂನಿಯರ್‌ಗಳು ಯಾರಾದರೂ ನಮ್ಮನ್ನು ಕೇಳಿಯೇ ಕೇಳುತ್ತಾರೆ: ‘ಪಿವಿಸಿ ಪೈಪು, ಗ್ಯಾಸ್ ಲೈಟರ್ ಇದೆ, ಆಲೂಗಡ್ಡೆ ಗನ್ ಮಾಡೋಣ್ವಾ?’ ಬೇಡ ಅಂತೀವಿ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಇದೇ ಜಾತಿಯ ಕಾರ್ಬೈಡ್ ಗನ್‌ನಿಂದ ನೂರಕ್ಕೂ ಹೆಚ್ಚು ಮಂದಿಯ ಕಣ್ಣಿಗೆ ಪೆಟ್ಟಾಯಿತು. ಅದರಲ್ಲಿ ಬಹಳಷ್ಟು ಮಕ್ಕಳು. ಲೈಟರ್ ಒತ್ತಿದರೂ ಹೊತ್ತಲಿಲ್ಲವಲ್ಲ ಅಂತ ಪೈಪಿನೊಳಗೆ ಇಣುಕಿದವರೂ ಇದ್ದರು.

ಪೈಪು ಒಡೆಯುತ್ತದೆ ಅನ್ನುವುದು ಒಂದು ಅಪಾಯ. ಲೈಟರ್ ಪೈಪಿಗೇ ಅಂಟಿರುವುದರಿಂದ ಕೈ, ಮುಖ ಎರಡೂ ಅಲ್ಲೇ ಇರುತ್ತವೆ, ಇದು ಇನ್ನೊಂದು. ಈ ಎರಡನೆಯದಕ್ಕೆ ಮಾಡೆಲ್ ರಾಕೆಟ್ ಹಾರಿಸುವವರು ಎಂದೋ ಉತ್ತರ ಕಂಡುಕೊಂಡಿದ್ದಾರೆ. ಅಮೆರಿಕದ ನ್ಯಾಷನಲ್ ಅಸೋಸಿಯೇಷನ್ ಆಫ್ ರಾಕೆಟ್ರಿಯ ನಿಯಮದಂತೆ ಸಣ್ಣ ಮೋಟರಿಗೆ 15 ಅಡಿ, ದೊಡ್ಡದಕ್ಕೆ 30 ಅಡಿ ದೂರ ನಿಲ್ಲಬೇಕು.

ಸರ್ಕ್ಯೂಟ್ ಸರಳ. 12 ವೋಲ್ಟ್ ಬ್ಯಾಟರಿ, ತೆಗೆಯಬಹುದಾದ ಕೀ, ಬೆರಳು ಬಿಟ್ಟ ಕೂಡಲೇ ಆಫ್ ಆಗುವ ಪುಷ್ ಬಟನ್, ಉದ್ದ ವೈರು, ಕೊನೆಗೆ ಇಗ್ನೈಟರ್. ಎಲ್ಲವೂ ಸೀರೀಸ್‌ನಲ್ಲಿ. ಬಟನ್‌ಗೆ ಸಮಾನಾಂತರವಾಗಿ ಒಂದು ಎಲ್‌ಇಡಿ, ಅದರ ಜೊತೆ 1 ಕಿಲೋ ಓಮ್ ರೆಸಿಸ್ಟರ್. ಕೀ ಹಾಕಿದಾಗ ಸುಮಾರು 10 ಮಿಲಿಆಂಪ್ ಹರಿದು ಎಲ್‌ಇಡಿ ಹೊತ್ತಿದರೆ ಲೈನ್ ಸರಿಯಿದೆ ಅಂತ ಅರ್ಥ. ಅಷ್ಟು ಕರೆಂಟಿಗೆ ಇಗ್ನೈಟರ್ ಬಿಸಿಯೂ ಆಗುವುದಿಲ್ಲ.

ಎಲ್ಲರೂ ಎಡವುವುದು ವೈರಿನಲ್ಲಿ. 10 ಮೀಟರ್ ದೂರ ಅಂದರೆ ಹೋಗಿಬರಲು 20 ಮೀಟರ್ ತಾಮ್ರ. ಎಸ್‌ಪಿ ರೋಡಿನಲ್ಲಿ ಅಗ್ಗಕ್ಕೆ ಸಿಗುವ 0.1 ಚದರ ಮಿಮೀ ವೈರು ತಂದರೆ ಅದರ ರೆಸಿಸ್ಟೆನ್ಸೇ ಸುಮಾರು 3.4 ಓಮ್. ಇಗ್ನೈಟರ್ 1 ಓಮ್ ಇದ್ದರೆ ಕರೆಂಟ್ 12/4.4, ಅಂದರೆ 2.7 ಆಂಪ್. ಇಗ್ನೈಟರಿಗೆ ಸಿಗುವುದು 7 ವ್ಯಾಟ್, ಮಿಕ್ಕ ಬಿಸಿಯೆಲ್ಲ ವೈರಿನ ಪಾಲು! ಅದೇ 1.5 ಚದರ ಮಿಮೀ ವೈರಾದರೆ 0.23 ಓಮ್, 9.8 ಆಂಪ್, ಹತ್ತಿರ ಹತ್ತಿರ 95 ವ್ಯಾಟ್. ಕರೆಂಟಿನ ವರ್ಗ ಏನು ಮಾಡುತ್ತೆ ನೋಡಿ. ಅರೆಬಿಸಿಯಾದ ಇಗ್ನೈಟರ್ ತಡವಾಗಿ ಹೊತ್ತುತ್ತದೆ. ಆ ಹೊತ್ತಿಗೆ ಯಾರೋ ಒಬ್ಬರು ‘ಏನಾಯ್ತು’ ಅಂತ ನೋಡಲು ಹೊರಟಿರುತ್ತಾರೆ.

ಹೊತ್ತದಿದ್ದರೆ ಮೊದಲು ಕೀ ತೆಗೆಯಬೇಕು, ಆಮೇಲೆ ಪೂರ್ತಿ 60 ಸೆಕೆಂಡ್ ಕಾಯಬೇಕು. ಕೀ ಇರಬೇಕಾದ್ದು ರಾಕೆಟ್ ಹತ್ತಿರ ಹೋಗುವವರ ಜೇಬಿನಲ್ಲೇ, ಬಟನ್ ಬಳಿ ಕೂತ ಗೆಳೆಯನ ಕೈಯಲ್ಲಲ್ಲ.

ಪೀಣ್ಯಕ್ಕೆ ಇಂಟರ್ನ್‌ಶಿಪ್‌ಗೆ ಹೋದವರಿಗೆ ಇದು ಹೊಸದೇನಲ್ಲ. ಪವರ್ ಪ್ರೆಸ್‌ಗೆ ಎರಡು ಬಟನ್ ಇಟ್ಟು ಎರಡೂ ಕೈಯನ್ನು ಡೈನಿಂದ ಹೊರಗಿಡುವುದು, ರಿಪೇರಿ ಮಾಡುವವನೇ ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಕೀ ಇಟ್ಟುಕೊಳ್ಳುವುದು, ಎಲ್ಲ ಇದೇ ಲೆಕ್ಕ. (ಇಂಥ ಬಟನ್ ಒಂದಕ್ಕೆ ಟೇಪ್ ಸುತ್ತಿದ್ದನ್ನೂ ನಾವು ನೋಡಿದ್ದೇವೆ. ಆ ಮಾತು ಬೇರೆ.)

ಈ ವಾರ ಲ್ಯಾಬಿನಲ್ಲಿ ಇಗ್ನೈಟರ್ ಬದಲು ಬೈಕಿನ 12 ವೋಲ್ಟ್ ಇಂಡಿಕೇಟರ್ ಬಲ್ಬ್ ಹಾಕಿ, ಎರಡೂ ವೈರಿನಲ್ಲಿ ಬಲ್ಬಿನ ಎರಡು ತುದಿಗಳ ವೋಲ್ಟೇಜ್ ಅಳೆಯೋಣ. ಮಲ್ಟಿಮೀಟರ್ ಇರುವವರು ತನ್ನಿ.