ಬೇಳದ ಇಗರ್ಜಿ

ನೀವು ಬದಿಯಡ್ಕದ ಕಡೆಗೆ ಹೋಗಿದ್ದೀರಾ? ಅಲ್ಲೇ ಹತ್ತಿರ ಬೇಳ ಎಂಬ ಊರು ಇದೆ. ಬೇಳದಲ್ಲಿ ಒಂದು ಹಳೆಯ ಇಗರ್ಜಿ ಇದೆ. ಅದರ ಹೆಸರು ಶೋಕಮಾತೆಯ ಇಗರ್ಜಿ. ಅದನ್ನು ಕಟ್ಟಿದ್ದು 1890ರಲ್ಲಿ. ಕಟ್ಟಿದ ರೀತಿಗೆ ಗೋಥಿಕ್ ಶೈಲಿ ಎನ್ನುತ್ತಾರೆ.

ಈ ಶೈಲಿ ಎಲ್ಲಿಂದ ಬಂತು? ಸುಮಾರು 900 ವರ್ಷಗಳ ಹಿಂದೆ ಫ್ರಾನ್ಸ್ ದೇಶದಲ್ಲಿ ಇದು ಶುರುವಾಯಿತು. ಪ್ಯಾರಿಸ್ ಪಟ್ಟಣದ ನೋತ್ರ್ ದಾಮ್ ಇಗರ್ಜಿಯ ಕೆಲಸ 1163ರಲ್ಲಿ ಆರಂಭವಾಯಿತು. 2019ರಲ್ಲಿ ಅದರ ಮಾಡು ಬೆಂಕಿಗೆ ಸುಟ್ಟುಹೋಯಿತು. ರಿಪೇರಿಯಾಗಿ 2024ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯಿತು.

ಗೋಥಿಕ್ ಶೈಲಿಯ ಮುಖ್ಯ ಗುರುತು ಚೂಪು ಕಮಾನು. ನಿಮ್ಮ ಎರಡು ಕೈಗಳ ಬೆರಳ ತುದಿ ಮಾತ್ರ ಜೋಡಿಸಿ. ಅಂಗೈಗಳನ್ನು ದೂರ ಇಡಿ. ಚೂಪು ಕಮಾನು ಹೀಗೇ ಇರುತ್ತದೆ.

ಅರ್ಧ ಚಂದ್ರದ ಹಾಗಿರುವ ಕಮಾನು ಗೋಡೆಯನ್ನು ಪಕ್ಕಕ್ಕೆ ಜಾಸ್ತಿ ತಳ್ಳುತ್ತದೆ. ಅದಕ್ಕೆ ಗೋಡೆ ದಪ್ಪ ಬೇಕು, ಕಿಟಕಿ ಸಣ್ಣದು ಬೇಕು. ಒಳಗೆ ಕತ್ತಲೆ. ಚೂಪು ಕಮಾನು ಪಕ್ಕಕ್ಕೆ ತಳ್ಳುವುದು ಕಡಿಮೆ. ಭಾರ ಹೆಚ್ಚಾಗಿ ಕೆಳಕ್ಕೆ ಇಳಿಯುತ್ತದೆ. ಬಾಳೆಗೊನೆ ಭಾರವಾದರೆ ನಾವು ಕೋಲು ಊರುತ್ತೇವಲ್ಲ, ಹಾಗೆಯೇ ದೊಡ್ಡ ಗೋಥಿಕ್ ಇಗರ್ಜಿಗಳಲ್ಲಿ ಗೋಡೆಗೆ ಹೊರಗಿನಿಂದ ಕಲ್ಲಿನ ಆಸರೆ ಕೊಟ್ಟರು. ಆಗ ಗೋಡೆ ಎತ್ತರವಾಯಿತು. ಕಿಟಕಿ ಉದ್ದವಾಯಿತು. ಒಳಗೆ ಬೆಳಕು ಬಂತು.

ಬೇಳದ ಇಗರ್ಜಿ ಕಟ್ಟಿದಾಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಇಗರ್ಜಿ ಮಾತ್ರ ಇವತ್ತಿಗೂ ಮಂಗಳೂರು ಧರ್ಮಪ್ರಾಂತ್ಯದ್ದೇ.

ಈ ಕಡೆಯ ಕ್ರೈಸ್ತರಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಅವರ ಹಿರಿಯರು ಗೋವಾದಿಂದ ಬಂದವರು. ಈ ಕೊಂಕಣಿಯನ್ನು ಬರೆಯುವುದು ಯಾವ ಅಕ್ಷರದಲ್ಲಿ ಗೊತ್ತೇ? ನೀವು ಕಲಿತ ಕನ್ನಡ ಅಕ್ಷರದಲ್ಲೇ! ನೆರೆಮನೆಯವರ ಕೊಂಕಣಿ ಪ್ರಾರ್ಥನೆ ಪುಸ್ತಕವನ್ನು ಒಮ್ಮೆ ಕೇಳಿ ತೆಗೆದು ನೋಡಿ. ಅರ್ಥವಾಗದ ಮಾತು ಇರಬಹುದು. ಆದರೆ ಓದಲು ನಿಮಗೆ ಬರುತ್ತದೆ. ಅರ್ಥವನ್ನು ಅವರೇ ಹೇಳುತ್ತಾರೆ.

ಪದಗಳ ಅರ್ಥ
ಇಗರ್ಜಿ – ಕ್ರೈಸ್ತರ ಪ್ರಾರ್ಥನಾ ಮಂದಿರ, ಚರ್ಚು
ಶೈಲಿ – ರೀತಿ
ಕಮಾನು – ಬಾಗಿಲು, ಕಿಟಕಿಗಳ ಮೇಲೆ ಬಾಗಿದ ಹಾಗೆ ಕಟ್ಟುವ ಭಾಗ
ಧರ್ಮಪ್ರಾಂತ್ಯ – ಒಬ್ಬ ಬಿಷಪರ ಆಡಳಿತಕ್ಕೆ ಸೇರಿದ ಪ್ರದೇಶ

ಉತ್ತರ ಬರೆಯಿರಿ
1. ಬೇಳದ ಇಗರ್ಜಿಯನ್ನು ಯಾವ ವರ್ಷ ಕಟ್ಟಿದರು?
2. ಚೂಪು ಕಮಾನಿನಿಂದ ಏನು ಅನುಕೂಲ?
3. ನಿಮ್ಮ ಊರಿನ ಹಳೆಯ ದೇವಸ್ಥಾನ, ಮಸೀದಿ ಅಥವಾ ಇಗರ್ಜಿಯ ಹತ್ತಿರ ಹೋಗಿ. ಅಲ್ಲಿ ಬರೆದಿರುವ ಒಂದು ಸಾಲನ್ನು ಓದಿ, ಪುಸ್ತಕದಲ್ಲಿ ಬರೆದುಕೊಂಡು ಬನ್ನಿ.