ವಾಲ್ವ್ ಹಾಕುವ ಮೊದಲು ಮೀಟರ್ ಹಿಡಿಯಿರಿ

ಮಕ್ಕಳೇ, ವಾಲ್ವ್ ಆಂಪ್ಲಿಫೈಯರಿನ ಹಂಬಲ ಹತ್ತಿಸಿಕೊಂಡು ನನ್ನ ಹತ್ತಿರ ಬರುವ ನೀವೆಲ್ಲ ಮೊದಲು ಕೇಳುವುದು ಒಂದೇ: ಮುಲಾರ್ಡ್ ಇದೆಯಾ, ಟೆಲಿಫಂಕನ್ ಸಿಗುತ್ತದಾ? ನಾನು ತಿರುಗಿ ಕೇಳುವುದೂ ಒಂದೇ. ನಿಮ್ಮ ಆಂಪ್ಲಿಫೈಯರಿನ ಹೀಟರಿಗೆ ಎಷ್ಟು ವೋಲ್ಟ್ ಬರುತ್ತಿದೆ? ಅದಕ್ಕೆ ಉತ್ತರ ಗೊತ್ತಿಲ್ಲದವರ ಕೈಗೆ ಹಳೆಯ ಒಳ್ಳೆಯ ವಾಲ್ವ್ ಕೊಡಲು ನನಗೆ ಮನಸ್ಸಾಗುವುದಿಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನಿನಲ್ಲಿ ಮುಲಾರ್ಡ್ ವಾಲ್ವ್ ತಯಾರಿ ನಿಂತು ಎಷ್ಟೋ ಕಾಲವಾಯಿತು. ಒಂದು ಸುಟ್ಟರೆ ಲೋಕದಲ್ಲಿ ಒಂದು ಕಡಿಮೆಯಾದಂತೆಯೇ.

ಹೀಟರಿನಿಂದಲೇ ಶುರು ಮಾಡೋಣ. ಇಸಿಸಿ 83, ಇಎಲ್ 84, ಇಝಡ್ 81, ಇವೆಲ್ಲಕ್ಕೂ ಬೇಕಾದದ್ದು 6.3 ವೋಲ್ಟ್. ಹೆಚ್ಚುಕಡಿಮೆ ಶೇಕಡಾ 10ರೊಳಗೆ ಇದ್ದರೆ ತಡೆದುಕೊಳ್ಳುತ್ತವೆ. ನಮ್ಮ ಹಳ್ಳಿ ಲೈನಿನ ಸಂಗತಿ ನಿಮಗೇ ಗೊತ್ತು. ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಓಡುವಾಗ ವೋಲ್ಟೇಜ್ ಇಳಿಯುತ್ತದೆ. ರಾತ್ರಿ ಪಂಪು ನಿಂತ ಮೇಲೆ, ಅದರಲ್ಲೂ ಟ್ರಾನ್ಸ್‌ಫಾರ್ಮರಿಗೆ ಹತ್ತಿರದ ಮನೆಗಳಲ್ಲಿ, 245ರವರೆಗೂ ಏರುತ್ತದೆ. ನಿಮ್ಮ ಹಳೆಯ ಸೆಟ್ಟಿನೊಳಗಿನ ಟ್ರಾನ್ಸ್‌ಫಾರ್ಮರ್ 220ರ ಲೆಕ್ಕದಲ್ಲಿ ಸುತ್ತಿದ್ದು ಎಂದಾದರೆ ಆಗ ಹೀಟರಿಗೆ ಹೋಗುವುದು 7 ವೋಲ್ಟ್. ಮಿತಿ ದಾಟಿತು. ನೀವು ಹಾಡು ಕೇಳುವುದು ರಾತ್ರಿಯೇ ತಾನೇ! ಹಳೆಯ ಸೆಟ್ಟುಗಳ ಬೆನ್ನಿನಲ್ಲಿ 200, 220, 240 ಎಂದು ಬದಲಾಯಿಸುವ ಪಟ್ಟಿ ಇರುತ್ತದೆ, ಅದನ್ನು 240ಕ್ಕೆ ಹಾಕಿಕೊಳ್ಳಿ. ಅದಿಲ್ಲದಿದ್ದರೆ ಒಳ್ಳೆಯ ಸ್ಟೆಬಿಲೈಸರ್ ಇಡಿ. ವಾಲ್ವಿಗೆ ಸುರಿಯುವ ದುಡ್ಡಿನ ಮುಂದೆ ಅದು ದೊಡ್ಡ ಖರ್ಚಲ್ಲ.

ಇನ್ನೊಂದು ಅಳತೆಯನ್ನು ಯಾರೂ ಮಾಡುವುದಿಲ್ಲ, ಅದೇ ನನಗೆ ಬೇಸರ. ಹಳೆಯ ಸೆಟ್ಟಿನಲ್ಲಿ ಮೊದಲಿನ ವಾಲ್ವಿನಿಂದ ಔಟ್‌ಪುಟ್ ವಾಲ್ವಿಗೆ ಹಾಡನ್ನು ದಾಟಿಸುವ ಒಂದು ಕೆಪಾಸಿಟರ್ ಇದೆ. ಆಗಿನದು ಮೇಣ ಹಾಕಿದ ಕಾಗದದ್ದು. ಮಲೆನಾಡಿನ ನಾಲ್ಕು ತಿಂಗಳ ಮಳೆಯನ್ನು ವರ್ಷಗಟ್ಟಲೆ ಕುಡಿದ ಕಾಗದ ಅದು. ಸೋರದೆ ಉಳಿದದ್ದನ್ನು ನಾನು ಕಂಡದ್ದು ಕಡಿಮೆ. ಅದು ಸೋರಿದರೆ ಮೇಲಿನ ಹೈ ವೋಲ್ಟೇಜ್ ಇಳಿದು ಗ್ರಿಡ್ಡಿಗೆ ಬರುತ್ತದೆ, ವಾಲ್ವ್ ಮಿತಿಮೀರಿ ಕರೆಂಟು ಎಳೆಯುತ್ತದೆ, ಒಳಗಿನ ಬೂದು ತಗಡು, ಅಂದರೆ ಪ್ಲೇಟು, ಕೆಂಪಗಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ವಾಲ್ವೂ ಹೋಯಿತು, ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಹೋಯಿತು. ಆಮೇಲೆ ವಾಲ್ವ್ ಮಾರಿದವನನ್ನು ಬೈದು ಪ್ರಯೋಜನವಿಲ್ಲ. ಔಟ್‌ಪುಟ್ ವಾಲ್ವಾದ ಇಎಲ್ 84ರಲ್ಲಿ 2ನೇ ಪಿನ್ ಗ್ರಿಡ್ಡು. ಸೆಟ್ ಬಿಸಿಯಾದ ಮೇಲೆ ಅಲ್ಲಿಗೂ ಚಾಸಿಗೂ ನಡುವೆ ಮೀಟರ್ ಇಡಿ. ಕ್ಯಾಥೋಡ್ ಬಯಸ್ಸಿನ ಸೆಟ್ಟಾದರೆ ಸೊನ್ನೆ ತೋರಿಸಬೇಕು. ಒಂದು ವೋಲ್ಟ್ ಪ್ಲಸ್ ಕಂಡರೂ ಆ ಕೆಪಾಸಿಟರ್ ಕಿತ್ತು ಹೊಸದು ಹಾಕಿ, ಅದರ ಬೆಲೆ ಕೆಲವೇ ರೂಪಾಯಿ.

ಗ್ರಿಡ್ಡು ಸರಿಯಿದ್ದರೆ 3ನೇ ಪಿನ್ನಿನ ಕ್ಯಾಥೋಡ್ ರೆಸಿಸ್ಟರ್ ನೋಡಿ. 130 ಓಮ್ ಇದೆ, ಅದರ ಮೇಲೆ 6.5 ವೋಲ್ಟ್ ಸಿಕ್ಕಿತು ಎನ್ನಿ. ಅಂದರೆ 50 ಮಿಲಿಆಂಪಿಯರ್. ಸ್ಕ್ರೀನಿನ ಪಾಲು ಸುಮಾರು 5 ಕಳೆದರೆ 45. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 240 ವೋಲ್ಟ್ ಇದ್ದರೆ ಗುಣಿಸಿ: 10.8 ವಾಟ್. ಇಎಲ್ 84ರ ಮಿತಿ 12. ನೀವು ಕ್ಷೇಮ. 13, 14 ಬಂದರೆ ಎಂಥ ಹೆಸರಾಂತ ವಾಲ್ವನ್ನೂ ಅಲ್ಲಿ ಕೂರಿಸಬೇಡಿ. ಬೇರೆ ವಾಲ್ವ್ ಹಾಕಿದಾಗಲೆಲ್ಲ ಈ ಲೆಕ್ಕ ಮತ್ತೆ ಮಾಡಬೇಕು.

ಪಿನ್ ಕೂತಿತು ಎಂದ ಮಾತ್ರಕ್ಕೆ ವಾಲ್ವ್ ಹೊಂದಿತು ಎಂದಲ್ಲ. ಇಸಿಸಿ 81, 82, 83 ಮೂರೂ ಒಂದೇ ಸಾಕೆಟ್ಟಿನಲ್ಲಿ ಕೂರುತ್ತವೆ, ಆದರೆ 83 ಸುಮಾರು 100 ಪಟ್ಟು ಹಿಗ್ಗಿಸಿದರೆ 82 ಹಿಗ್ಗಿಸುವುದು 20ರ ಒಳಗೆ. ರೆಕ್ಟಿಫೈಯರ್ ವಾಲ್ವುಗಳಲ್ಲೂ ಹಾಗೆಯೇ, ಜಿಝಡ್ 34 ಇದ್ದಲ್ಲಿ 5ಯು4 ಹಾಕಿದರೆ ಹೀಟರ್ ಕರೆಂಟು 1.9 ಆಂಪಿಯರಿನಿಂದ 3ಕ್ಕೆ ಹಾರುತ್ತದೆ. ಆ ಭಾರವನ್ನು ನಿಮ್ಮ ಟ್ರಾನ್ಸ್‌ಫಾರ್ಮರ್ ಹೊರಬಲ್ಲದೇ?

ಈಗ ನನ್ನ ಮನಸ್ಸಿಗೆ ತೀರಾ ಹತ್ತಿರದ ಮಾತು. ನಮ್ಮ ಕಡೆ ಹಳೇ ಮನೆಗಳ ಅಟ್ಟದಲ್ಲಿ ಇನ್ನೂ ಮರ್ಫಿ, ಫಿಲಿಪ್ಸ್ ರೇಡಿಯೊಗಳಿವೆ, ಅಡಿಕೆ ಮಾರಿದ ದುಡ್ಡಿನಲ್ಲಿ ತಂದವು. ಜೋಗದಲ್ಲಿ 1948ರಲ್ಲೇ ಕರೆಂಟು ಹುಟ್ಟಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿಗೆ ನೆಲ ಕೊಟ್ಟ ನಮ್ಮದೇ ಎಷ್ಟೋ ಹಳ್ಳಿಗಳಿಗೆ ಮಾತ್ರ ಕಂಬ ಬಂದದ್ದು ಬಹಳ ತಡವಾಗಿ. ಅಲ್ಲಿ ರೇಡಿಯೊ ಹಾಡಿದ್ದು ಬ್ಯಾಟರಿಯ ಮೇಲೆ, ಪ್ಲೇಟಿಗೆ 90 ವೋಲ್ಟಿನದೊಂದು, ಫಿಲಮೆಂಟಿಗೆ ಒಂದೂವರೆ ವೋಲ್ಟಿನದೊಂದು. ಧಾರವಾಡ ಆಕಾಶವಾಣಿಯನ್ನೂ 1965ರಲ್ಲಿ ಶುರುವಾದ ಭದ್ರಾವತಿಯನ್ನೂ ಊರಿನವರು ಜಗಲಿಯಲ್ಲಿ ಕೂತು ಕೇಳಿದ್ದು ಇಂಥ ಸೆಟ್ಟುಗಳಲ್ಲಿ. ಈಗ ಅವನ್ನು ಗುಜರಿಯ ಬೆಲೆಗೆ ಕೊಂಡು, ವಾಲ್ವ್ ಕಿತ್ತುಕೊಂಡು, ಮರದ ಪೆಟ್ಟಿಗೆಯನ್ನು ಬಚ್ಚಲೊಲೆಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾಡಿದರೂ ಸಿಗುವುದೇನು? ಬ್ಯಾಟರಿ ಸೆಟ್ಟಿನ ಡಿಎಲ್ 96 ಕೊಡುವುದು ವಾಟಿನ ಐದನೇ ಒಂದು ಪಾಲು, ನಿಮ್ಮ ಆಂಪ್ಲಿಫೈಯರಿಗೆ ಅದು ಬರುವುದಿಲ್ಲ. ಹೆಸರಿನ ಮೊದಲಕ್ಷರ ಓದಲು ಕಲಿಯಿರಿ: ‘ಇ’ ಎಂದರೆ 6.3 ವೋಲ್ಟಿನ ಹೀಟರ್, ‘ಡಿ’ ಎಂದರೆ ಬ್ಯಾಟರಿಯದು, ‘ಯು’ ಎಂದರೆ 100 ಮಿಲಿಆಂಪಿಯರಿನ ಸಾಲಿನಲ್ಲಿ ಪೋಣಿಸಿದ್ದು. ‘ಯು’ ವಾಲ್ವುಗಳ ಸೆಟ್ಟಿನಲ್ಲಿ ಸಾಮಾನ್ಯವಾಗಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ, ಗೋಡೆಯ ಕರೆಂಟು ನೇರ ಚಾಸಿಗೇ ಬಂದಿರಬಹುದು. ಹೊಸಬರು ಅದಕ್ಕೆ ಕೈ ಹಾಕಲೇಬಾರದು.

ಕೈಯ ಮಾತು ಬಂದಿತು, ಇದನ್ನು ತಾಯಿಯ ಮಾತಿನಂತೆ ನೆನಪಿಡಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ 300 ವೋಲ್ಟ್ ಕೂತಿರುತ್ತದೆ. 10 ಸಾವಿರ ಓಮಿನ, 5 ವಾಟಿನ ರೆಸಿಸ್ಟರಿಗೆ ಇನ್ಸುಲೇಷನ್ ಇರುವ ತಂತಿ ಬೆಸೆದಿಟ್ಟುಕೊಂಡು, ಅದನ್ನು ಕೆಪಾಸಿಟರಿನ ಎರಡೂ ತುದಿಗೆ ಹತ್ತು ಸೆಕೆಂಡ್ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಮುಟ್ಟಿ. ಸೆಟ್ ಓಡುತ್ತಿರುವಾಗ ಅಳೆಯಬೇಕಾದರೆ ಒಂದು ಕೈ ಜೇಬಿನಲ್ಲಿರಲಿ, ಕಾಲಲ್ಲಿ ಒಣ ಚಪ್ಪಲಿಯಿರಲಿ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟಿಗೆ ಮೊದಲ ಸಲ 60 ವಾಟಿನ ತಂತಿಯ ಬಲ್ಬನ್ನು ಸೀರೀಸ್ ಹಾಕಿ ಕರೆಂಟು ಕೊಡಿ, ಎಲ್‌ಇಡಿ ಬಲ್ಬ್ ಆಗದು. ಬಲ್ಬ್ ಪೂರ್ತಿ ಉರಿದೇ ನಿಂತರೆ ಒಳಗೆ ಶಾರ್ಟ್ ಇದೆ. ಸ್ಪೀಕರ್ ಜೋಡಿಸದೆ ಆಂಪ್ಲಿಫೈಯರ್ ಓಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೇ ಕಿಡಿ ಹಾರಿ ಹೋಗುತ್ತದೆ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಕೊಳ್ಳುವಾಗ ವಾಲ್ವಿನ ನೆತ್ತಿಯ ಬೆಳ್ಳಿ ಬಣ್ಣ ನೋಡಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ವಾಲ್ವ್ ಸತ್ತಿದೆ. ಗಾಜಿನ ಮೇಲಿನ ಅಕ್ಷರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಹಳೆಯ ಮುದ್ರೆ ಬೆರಳಿಗೇ ಬಂದುಬಿಡುತ್ತದೆ. ಮುದ್ರೆಯನ್ನು ಯಾರು ಬೇಕಾದರೂ ಹೊಸದಾಗಿ ಹಾಕಬಹುದು ಎನ್ನುವುದೂ ನೆನಪಿರಲಿ.

ಎರಡು ವಾಲ್ವುಗಳಲ್ಲಿ ಯಾವುದು ಚೆನ್ನ ಎಂದು ತೀರ್ಮಾನಿಸುವುದಾದರೆ ಇಬ್ಬರು ಬೇಕು. ಒಬ್ಬರು ಬದಲಿಸಲಿ, ಯಾವುದು ಹಾಕಿದೆ ಎಂದು ಹೇಳದಿರಲಿ. ಸ್ಪೀಕರಿನ ತುದಿಯಲ್ಲಿ ಮೀಟರ್ ಇಟ್ಟು ಎರಡು ಸಲವೂ ದನಿ ಸಮ ಮಾಡಿಕೊಳ್ಳಿ, ಏಕೆಂದರೆ ಒಂದಿಷ್ಟು ಜೋರಾಗಿ ಕೇಳಿದ್ದೇ ಕಿವಿಗೆ ಚೆಂದ ಅನಿಸುತ್ತದೆ. ಆಮೇಲೆ ಕಾಳಿಂಗರಾಯರದೋ ಭೀಮಸೇನ ಜೋಶಿಯವರದೋ ನಿಮಗೆ ಬಾಯಿಪಾಠವಾದ ಒಂದು ಹಾಡು ಹಾಕಿ. ವ್ಯತ್ಯಾಸ ಕೇಳಿಸಿದರೆ ಸಂತೋಷ. ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದು ಧೈರ್ಯವಾಗಿ ಹೇಳಿ, ದುಡ್ಡು ಉಳಿಯಿತು.

ಹಾಗಾದರೆ ಯಾವ ವಾಲ್ವ್ ಎನ್ನುತ್ತೀರಿ. ಬೆಂಗಳೂರಿನ ಜಾಲಹಳ್ಳಿಯ ನಮ್ಮ ಬಿಇಎಲ್ 1961ರಲ್ಲೇ ಫಿಲಿಪ್ಸ್ ಸಹಯೋಗದಲ್ಲಿ ರೇಡಿಯೊ ವಾಲ್ವ್ ತಯಾರಿಸತೊಡಗಿತು. ಅಲ್ಲಿಂದ ಬಂದ ಇಎಲ್ 84, ಇಸಿಸಿ 83 ಇಂದಿಗೂ ಹೊರದೇಶದವರು ಹುಡುಕಿ ಕೊಳ್ಳುವ ಮಾಲು. ಕಲಿಯುವಾಗ ಅದೂ ಬೇಡ, ಸ್ಲೊವಾಕಿಯಾದಲ್ಲಿ ಈಗಲೂ ತಯಾರಾಗುವ ಜೆಜೆ ವಾಲ್ವಿನಲ್ಲಿ ಕೈ ಪಳಗಿಸಿ. ಅಳತೆಗಳೆಲ್ಲ ಸರಿ ಬಂದ ದಿನ ಬಿಇಎಲ್ ಹಾಕಿ. ಮುಲಾರ್ಡಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಒಳ್ಳೆಯ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತಿಸಿಕೊಳ್ಳಿ, ಉಳಿದರೆ ಒಳ್ಳೆಯ ಸ್ಪೀಕರ್ ತನ್ನಿ. ಹಾಡು ಬದಲಾಗುವುದು ಅಲ್ಲಿ.