ಮಾಂಟೆಸರಿ ಬೋರ್ಡು ಕಂಡ ಕೂಡಲೇ ಫೀಸು ಕಟ್ಟಬೇಡಿ

ಬೆಂಗಳೂರಿನಿಂದ ಬೇ ಏರಿಯಾಕ್ಕೆ ಹೊಸದಾಗಿ ಬಂದವರಿಗೆ ಬಾಡಿಗೆ ಮನೆ, ಕಾರು ಆದ ಮೇಲೆ ಹಿಡಿಯುವ ಚಿಂತೆ ಮಕ್ಕಳ ಶಾಲೆಯದು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಇಲ್ಲಿನ ಸರ್ಕಾರಿ ಶಾಲೆಗೆ ಫೀಸಿಲ್ಲ, ಎಚ್-4 ವೀಸಾದ ಮಕ್ಕಳಿಗೂ ಅಲ್ಲಿ ಹಕ್ಕಿನ ಸೀಟು ಇದೆ. ಆದರೂ ‘ತರಗತಿಯಲ್ಲಿ ಮಕ್ಕಳು ಕಡಿಮೆ, ಗಮನ ಜಾಸ್ತಿ’ ಎಂದು ಸಣ್ಣ ಖಾಸಗಿ ಶಾಲೆ ಹುಡುಕುವವರು ನಮ್ಮಲ್ಲಿದ್ದಾರೆ. ಅವರು ಹೆಚ್ಚಾಗಿ ವಿಚಾರಿಸುವುದು ಮಾಂಟೆಸರಿ ಎಲಿಮೆಂಟರಿ ಶಾಲೆಗಳನ್ನು.

ಊರಲ್ಲಿ ಮಾಂಟೆಸರಿ ಎಂದರೆ ಎಲ್‌ಕೆಜಿ, ಯುಕೆಜಿ ಎಂದೇ ನಮ್ಮ ಲೆಕ್ಕ. ಇಲ್ಲಿ ಅದೇ ಪದ್ಧತಿ ಆರರಿಂದ ಹನ್ನೆರಡು ವರ್ಷದವರಿಗೂ ನಡೆಯುತ್ತದೆ. ಆರರಿಂದ ಒಂಬತ್ತರವರು ಒಂದು ಕೋಣೆ, ಒಂಬತ್ತರಿಂದ ಹನ್ನೆರಡರವರು ಇನ್ನೊಂದು. ಒಂದನೇ ಕ್ಲಾಸು, ಎರಡನೇ ಕ್ಲಾಸು ಎಂಬ ಗೋಡೆಯಿಲ್ಲ. ಪಠ್ಯಪುಸ್ತಕದ ಹೊರೆಯಿಲ್ಲ, ರ್‍ಯಾಂಕಿಲ್ಲ, ಹೋಮ್‌ವರ್ಕೂ ಹೆಸರಿಗಷ್ಟೇ. ನೋಡಲು ಬಂದ ಅಜ್ಜ ‘ಇವು ಓದುವುದು ಯಾವಾಗ?’ ಎಂದು ಕೇಳಿದರೆ ತಪ್ಪಿಲ್ಲ.

ಓದುವುದು ಬೆಳಗಿನ ಹೊತ್ತು, ಬೆಲ್ಲು ಹೊಡೆಯದ ಸುಮಾರು ಮೂರು ಗಂಟೆಗಳ ಒಂದೇ ಅವಧಿಯಲ್ಲಿ. ಟೀಚರ್ ನಾಲ್ಕೈದು ಮಕ್ಕಳನ್ನು ಕರೆದು ಪಾಠ ತೋರಿಸುತ್ತಾರೆ, ಉಳಿದವರು ತಂತಮ್ಮ ಕೆಲಸದಲ್ಲಿರುತ್ತಾರೆ. ಗಣಿತ ಕೈಯಿಂದ ಶುರುವಾಗುತ್ತದೆ. ಒಂದು ಮಣಿ, ಹತ್ತು ಮಣಿಯ ಕಡ್ಡಿ, ನೂರರ ಚೌಕ, ಸಾವಿರದ ಘನ. ಹತ್ತು ಎಷ್ಟು, ಸಾವಿರ ಎಷ್ಟು ಎಂಬ ವ್ಯತ್ಯಾಸ ಕಾಗದ ಮುಟ್ಟುವ ಮೊದಲೇ ಕೈಗೆ ಗೊತ್ತಾಗಿರುತ್ತದೆ. ಬಿಡಿಗೆ ಹಸಿರು, ಹತ್ತಕ್ಕೆ ನೀಲಿ, ನೂರಕ್ಕೆ ಕೆಂಪು ಎಂಬ ಬಣ್ಣದ ಕ್ರಮ ಕೊನೆಯವರೆಗೂ ಬದಲಾಗುವುದಿಲ್ಲ. ದೊಡ್ಡ ಭಾಗಾಕಾರಕ್ಕೆ ಬಂದಾಗ ಸಣ್ಣ ಗಾಜಿನ ನಳಿಗೆಗಳಲ್ಲಿ ತುಂಬಿದ ಮಣಿಗಳನ್ನು ಹಲಗೆಯ ಮೇಲೆ ಹಂಚುತ್ತಾರೆ. ದಶಕ ಯಾಕೆ ಇಳಿಸಬೇಕು ಎಂಬುದನ್ನು ನಮಗೆ ಬಾಯಿಪಾಠ ಮಾಡಿಸಿದ್ದರು, ಇವರು ಕಣ್ಣಾರೆ ನೋಡುತ್ತಾರೆ. ಈ ಒಂದು ವಿಷಯದಲ್ಲಿ ನನಗೆ ಮೆಚ್ಚುಗೆಯಲ್ಲದೆ ಬೇರೆ ಮಾತಿಲ್ಲ. ಆದರೆ ಇಪ್ಪತ್ತರವರೆಗೆ ಮಗ್ಗಿ ಅಲ್ಲಿ ಯಾರೂ ಹೇಳಿಸುವುದಿಲ್ಲ. ಅದನ್ನು ಮನೆಯಲ್ಲಿ ಕನ್ನಡದಲ್ಲೇ ಹೇಳಿಸಿ. ಎರಡೂ ಕೆಲಸ ಒಟ್ಟಿಗೆ ಆಗುತ್ತದೆ.

ವಿಜ್ಞಾನ, ಚರಿತ್ರೆ, ಭೂಗೋಳ ಬೇರೆ ಬೇರೆ ಪೀರಿಯಡ್ಡುಗಳಲ್ಲ. ವರ್ಷದ ಆರಂಭದಲ್ಲಿ ಐದು ದೊಡ್ಡ ಕಥೆಗಳು ಶುರುವಾಗುತ್ತವೆ: ವಿಶ್ವದ ಹುಟ್ಟು, ಜೀವಿಗಳ ಬರವು, ಮನುಷ್ಯ, ಬರವಣಿಗೆ, ಅಂಕಿ. ಮುಂದಿನ ಪಾಠಗಳೆಲ್ಲ ಇವುಗಳಿಂದಲೇ ಕವಲೊಡೆಯುತ್ತವೆ. ಈ ಯೋಜನೆ ಬಹುಮಟ್ಟಿಗೆ ರೂಪುಗೊಂಡದ್ದು ನಮ್ಮ ದಕ್ಷಿಣ ಭಾರತದಲ್ಲಿ ಎಂಬುದು ಇಲ್ಲಿನ ಎಷ್ಟೋ ಪೋಷಕರಿಗೆ ಗೊತ್ತಿಲ್ಲ. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ತರಬೇತಿ ಕೊಡಲು ಬಂದ ಮರಿಯಾ ಮಾಂಟೆಸರಿ, ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಶತ್ರುದೇಶದ ಪ್ರಜೆಯಾಗಿ ಭಾರತದಲ್ಲೇ ಉಳಿಯಬೇಕಾಯಿತು. ಮಗ ಮಾರಿಯೋ ಜೊತೆ ಕೊಡೈಕೆನಾಲಿನಲ್ಲಿ ಕಳೆದ ವರ್ಷಗಳಲ್ಲಿ ದೊಡ್ಡ ಮಕ್ಕಳ ಪಠ್ಯಕ್ರಮ ಬೆಳೆಯಿತು. ಹಾಗಾಗಿ ನಮ್ಮ ಕಥೆಯನ್ನೂ ಸೇರಿಸಿ ಎನ್ನಲು ಸಂಕೋಚ ಬೇಡ. ಬರವಣಿಗೆಯ ಕಥೆ ಸಾಮಾನ್ಯವಾಗಿ ಫಿನಿಷಿಯನ್ನರಿಂದ ರೋಮನ್ ಲಿಪಿಗೆ ಹೋಗುತ್ತದೆ. ಒಂದು ಬೆಳಿಗ್ಗೆ ಬಂದು ಬ್ರಾಹ್ಮಿಯಿಂದ ಹಲ್ಮಿಡಿ ಶಾಸನದವರೆಗೆ ಹೇಳಿ, ಮಕ್ಕಳ ಹೆಸರನ್ನು ಕನ್ನಡದಲ್ಲಿ ಬರೆದುಕೊಡುತ್ತೇವೆ ಎಂದು ಕೇಳಿ ನೋಡಿ. ಒಳ್ಳೆಯ ಶಾಲೆ ಸಂತೋಷದಿಂದ ಒಪ್ಪುತ್ತದೆ.

ಒಳ್ಳೆಯ ಶಾಲೆ ಎಂದೆ. ಅದನ್ನು ಗುರುತಿಸುವುದೇ ಕಷ್ಟದ ಕೆಲಸ, ಏಕೆಂದರೆ ಅಮೆರಿಕದಲ್ಲಿ ಮಾಂಟೆಸರಿ ಎಂಬ ಹೆಸರಿಗೆ ಒಡೆಯರಿಲ್ಲ. ಅದು ಯಾರೊಬ್ಬರ ಟ್ರೇಡ್‌ಮಾರ್ಕೂ ಅಲ್ಲ ಎಂದು 1967ರಲ್ಲೇ ತೀರ್ಮಾನವಾಗಿದೆ. ಯಾರು ಬೇಕಾದರೂ ಬೋರ್ಡು ಹಾಕಬಹುದು. ಟೀಚರ್ ತರಬೇತಿ ಎಎಂಐ, ಎಎಂಎಸ್ ಎಂಬ ಮಾಂಟೆಸರಿ ಸಂಸ್ಥೆಗಳಲ್ಲಿ ಒಂದರದ್ದೇ ಎಂದು ಕೇಳಿ. ಅದು ಎಲಿಮೆಂಟರಿ ವಯಸ್ಸಿನ ತರಬೇತಿಯೇ ಎಂದೂ ಕೇಳಿ. ಮೂರರಿಂದ ಆರು ವರ್ಷದವರಿಗೆ ಕಲಿಸಲು ತರಬೇತಿ ಪಡೆದವರು ಒಂಬತ್ತು ವರ್ಷದವರಿಗೆ ಕಲಿಸುವುದು ಬೇರೆಯೇ ಮಾತು. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಶಾಲೆ ಪ್ರತಿ ವರ್ಷ ರಾಜ್ಯಕ್ಕೆ ಒಂದು ಅಫಿಡವಿಟ್ ಸಲ್ಲಿಸುತ್ತದೆ. ಅದು ಮಾಹಿತಿ ಮಾತ್ರ, ಮಾನ್ಯತೆಯಲ್ಲ. ಅಲ್ಲಿನ ಟೀಚರಿಗೆ ಸರ್ಕಾರಿ ಕ್ರೆಡೆನ್ಷಿಯಲ್ ಕಡ್ಡಾಯವಲ್ಲ, ಸರ್ಕಾರಿ ಶಾಲೆಗಳಲ್ಲಿ ಮೂರನೇ ಕ್ಲಾಸಿನಿಂದ ನಡೆಯುವ ರಾಜ್ಯದ ಪರೀಕ್ಷೆಯೂ ಇಲ್ಲ. ಲಸಿಕೆ ದಾಖಲೆ ಮಾತ್ರ ಎರಡೂ ಕಡೆ ಬೇಕೇ ಬೇಕು.

ಬ್ರೋಷರ್ ನೋಡಿ ನಿರ್ಧರಿಸಬೇಡಿ. ಬೆಳಗಿನ ಅವಧಿಯಲ್ಲಿ ಒಂದು ಮೂಲೆಯಲ್ಲಿ ಕುಳಿತು ನೋಡಲು ಅವಕಾಶ ಕೇಳಿ, ಬೇಡವೆಂದರೆ ಇನ್ನೊಂದು ಶಾಲೆ ನೋಡಿ. ನನ್ನ ಅನುಮಾನವಿರುವುದು ಬರವಣಿಗೆಯ ವಿಷಯದಲ್ಲಿ. ಕೆಲಸ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದಾಗ ಬರೆಯಲು ಬೇಸರವಿರುವ ಮಗು ವಾರಗಟ್ಟಲೆ ನಕ್ಷೆಗೆ ಬಣ್ಣ ಹಚ್ಚಿಕೊಂಡು ಜಾರಿಕೊಳ್ಳುತ್ತದೆ. ಇಂಥದ್ದನ್ನು ಹಿಡಿಯಲು ಪ್ರತಿ ಮಗುವಿಗೂ ಕೆಲಸದ ದಿನಚರಿ ಪುಸ್ತಕ, ಟೀಚರ್ ಜೊತೆ ನಿಯಮಿತ ಮಾತುಕತೆ ಇರಬೇಕು. ಆ ಪುಸ್ತಕ ತೋರಿಸಿ ಎಂದು ಕೇಳಿ.

ಇಂಗ್ಲಿಷ್ ಇನ್ನೂ ತೊದಲುವ ಮಗುವಿಗೆ, ಅಥವಾ ಮಾತು, ಓದು, ಗಮನದ ತೊಂದರೆಯಿರುವ ಮಗುವಿಗೆ ನನ್ನ ಸಲಹೆ ಸರ್ಕಾರಿ ಶಾಲೆಯೇ. ಅಲ್ಲಿ ಭಾಷಾ ನೆರವು, ವಿಶೇಷ ಶಿಕ್ಷಣ ಕಾನೂನಿನ ಹಕ್ಕು. ನೀವೇ ಸೇರಿಸಿದ ಖಾಸಗಿ ಶಾಲೆಯಲ್ಲಿ ಆ ಹಕ್ಕು ಅದೇ ರೂಪದಲ್ಲಿ ಜೊತೆಗೆ ಬರುವುದಿಲ್ಲ. ಊರಿಗೆ ಮರಳುವ ಯೋಚನೆಯಿದ್ದರೆ, ಯಾವ ವಿಷಯ ಎಲ್ಲಿಯವರೆಗೆ ಆಗಿದೆ ಎಂದು ವರ್ಷಕ್ಕೊಮ್ಮೆ ಬರವಣಿಗೆಯಲ್ಲಿ ತೆಗೆದಿಟ್ಟುಕೊಳ್ಳಿ. ಅಂಕಗಳಿಲ್ಲದ ವರದಿ ಬೆಂಗಳೂರಿನ ಶಾಲೆಗೆ ಅರ್ಥವಾಗುವುದು ಕಷ್ಟ.

ಕೊನೆಗೆ ಕರಾರುಪತ್ರ. ಅದು ಸಾಮಾನ್ಯವಾಗಿ ಇಡೀ ವರ್ಷದ್ದು, ಮಧ್ಯದಲ್ಲಿ ಬಿಟ್ಟರೂ ಉಳಿದ ಫೀಸು ಕಟ್ಟಬೇಕೆಂದು ಬರೆದಿರಬಹುದು. ಎಚ್-1ಬಿಯಲ್ಲಿ ಕೆಲಸ ಹೋದರೆ ಇಲ್ಲಿ ಉಳಿಯಲು ನಿಮಗೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಹೀಗಾದರೆ ಶಾಲೆ ಏನು ಮಾಡುತ್ತದೆ ಎಂದು ಸಹಿ ಹಾಕುವ ಮೊದಲೇ ಕೇಳಿ, ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ.